ಮೂರು ಸಲ ಕೂಗಿದ ಹೆಸರು

ಇಂದೋರಿನ ಭಂವರ್‌ಕುವಾ ಚೌಕದಲ್ಲಿ ನಿಂತು ತಲೆ ಎತ್ತಿದರೆ ಆಕಾಶ ಕಾಣುವುದಿಲ್ಲ, ಬರೀ ಮುಖಗಳು ಕಾಣುತ್ತವೆ. ಬ್ಯಾಂಕ್ ಪರೀಕ್ಷೆ ಗೆದ್ದವರು, ಪೊಲೀಸ್ ಪರೀಕ್ಷೆ ಗೆದ್ದವರು, ಯಾವುದೋ ಪರೀಕ್ಷೆಯಲ್ಲಿ ರಾಜ್ಯಕ್ಕೇ ಮೊದಲು ಬಂದವರು, ಎಲ್ಲರೂ ಹಲ್ಲು ಕಿರಿದುಕೊಂಡು ಬಿಸಿಲಿಗೆ ಬಣ್ಣ ಬಿಡುತ್ತಿರುತ್ತಾರೆ. ಒಂದೇ ಹುಡುಗಿಯನ್ನು ಎದುರುಬದುರಿನ ಎರಡು ಕೋಚಿಂಗ್ ಕ್ಲಾಸಿನವರೂ ‘ನಮ್ಮವಳು’ ಎಂದು ಬೋರ್ಡಿಗೆ ಏರಿಸಿರುತ್ತಾರೆ. ಈ ಬೋರ್ಡುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ.

ಆ ಗದ್ದಲದ ನಡುವೆ, ಜ್ಯೂಸ್ ಅಂಗಡಿಯ ಮೇಲೆ, ನಗದೇ ಇರುವ ಮುಖ ಒಂದೇ ಒಂದು. ದಪ್ಪ ಕನ್ನಡಕ, ಎಣ್ಣೆ ಹಚ್ಚಿ ಒಪ್ಪವಾಗಿ ಬಾಚಿದ ಕೂದಲು, ಕುತ್ತಿಗೆಯವರೆಗೂ ಗುಂಡಿ ಹಾಕಿದ ಬಿಳಿ ಅಂಗಿ. ಕೆಳಗೆ ‘ಎಂಪಿ ಸರ್, ಕ್ಯಾಟ್‌ನಲ್ಲಿ ಸ್ವತಃ 99.9 ಪರ್ಸೆಂಟೈಲ್’ ಎಂದು ಬರೆದಿದೆ. ಎಂಬಿಎ ಓದಲು ದೊಡ್ಡ ಕಾಲೇಜುಗಳಿಗೆ ಹೋಗಬೇಕೆನ್ನುವವರು ಬರೆಯುವ ಕ್ಯಾಟ್ ಪರೀಕ್ಷೆಗೆ ಇಂದೋರಿನಲ್ಲಿ ಗಣಿತ ಕಲಿಯಬೇಕೆಂದರೆ ಜನ ಮೊದಲು ಹೇಳುವುದು ಈ ಮುಖದ ಹೆಸರನ್ನೇ.

ಹೆಸರು ಅಂದೆ, ಅದು ಹೆಸರಲ್ಲ. ನಮ್ಮ ಈ ಕೋಚಿಂಗ್ ಲೋಕದಲ್ಲಿ ಯಾರಿಗೂ ಪೂರ್ತಿ ಹೆಸರಿಲ್ಲ. ನಾನು ಸುಷಮಾ ವೈದ್ಯ, ಅದೇ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕೆಲಸಕ್ಕೆ ಸೇರಿದ ದಿನವೇ ನಮ್ಮ ಮಾಲೀಕ, ಊರಿಗೆಲ್ಲ ‘ಭಿಯಾ’ ಅಂದರೆ ಅಣ್ಣನಾದ ಲೋಕೇಂದ್ರ ಭಿಯಾ, ನನ್ನ ಹೆಸರಿಗೆ ಕತ್ತರಿ ಹಾಕಿದ.

“ಇವತ್ತಿಂದ ನೀವು ಎಸ್‌ವಿ ಮ್ಯಾಮ್. ಹುಡುಗರ ಬಾಯಿಗೆ ಸಲೀಸಾಗಿ ಬರ್ಬೇಕು. ಪೂರ್ತಿ ಹೆಸರು ಏನಿದ್ರೂ ಮದುವೆ ಕಾರ್ಡಿಗೆ ಇಟ್ಕೊಳ್ಳಿ.”

“ಮದುವೆ ಆಗಿ ಮಗ ಕಾಲೇಜಿಗೆ ಹೋಗ್ತಿದ್ದಾನೆ ಭಿಯಾ.”

“ಹಾಗಾದ್ರೆ ಇನ್ನೂ ಒಳ್ಳೇದು, ಪೂರ್ತಿ ಹೆಸರಿನ ಕೆಲಸವೇ ಮುಗೀತು.”

ನನಗೇನೋ ಮನೆಗೆ ಹೋದರೆ ಹೆಸರು ವಾಪಸ್ಸು ಸಿಗುತ್ತದೆ. ನಮ್ಮ ಮನೆಯಲ್ಲಿ ಅತ್ತೆ, ಗಂಡ, ಮಗ, ಮೈದುನನ ಸಂಸಾರ. ಸ್ನಾನದ ಮನೆಗೂ ಸರದಿ. ‘ಸುಷಮಾ’ ಎಂದು ಒಂದು ಕೋಣೆಯಿಂದ ಕೂಗಿದರೆ ಇನ್ನೊಂದು ಕೋಣೆಯಿಂದ ‘ಅವಳು ಅಡುಗೆಮನೇಲಿದ್ದಾಳೆ’ ಎಂದು ಉತ್ತರ ಬರುತ್ತದೆ. ಎಂಪಿ ಸರ್‌ಗೆ ಮನೆಯೆಂದರೆ ಸೇವ್ ಕರಿಯುವ ಅಂಗಡಿಯ ಮೇಲಿನ ಒಂದು ಕೋಣೆ. ಬೆಳಿಗ್ಗೆ ಗಾಡಿಯ ಹತ್ತಿರ ನಿಂತೇ ಒಂದು ತಟ್ಟೆ ಪೋಹಾ ತಿನ್ನುತ್ತಿದ್ದರು, ಎಲ್ಲರೂ ಜೊತೆಗೆ ಜಿಲೇಬಿ ತೆಗೆದುಕೊಂಡರೂ ಅವರು ತೆಗೆದುಕೊಳ್ಳುತ್ತಿರಲಿಲ್ಲ. ಮಧ್ಯಾಹ್ನ ಕಾಂತಾಬಾಯಿಯ ಮೆಸ್ಸಿನಲ್ಲಿ ಗೋಡೆಗೆ ಮುಖ ಮಾಡಿ ಊಟ. ಅವರ ಅಂಗಿಗೆ ಯಾವಾಗಲೂ ಕರಿದ ಕಡಲೆಹಿಟ್ಟಿನ ವಾಸನೆ ಇರುತ್ತಿತ್ತು, ಅದು ಮೂಗಿಗೆ ಬಡಿದರೆ ಸಾಕು, ಹುಡುಗರು ಮೊಬೈಲು ಜೇಬಿಗೆ ಹಾಕಿಕೊಂಡು ನೆಟ್ಟಗೆ ಕೂರುತ್ತಿದ್ದರು.

ಅವರ ಪಾಠ ಮಾತ್ರ ಭಾರಿ ಪಾಠ. ಲೆಕ್ಕ ಬಿಡಿಸುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ, ಇವರು ಲೆಕ್ಕ ಬಿಟ್ಟುಕೊಡುವುದನ್ನು ಕಲಿಸುತ್ತಿದ್ದರು. ಆ ಪರೀಕ್ಷೆಯ ಗುಟ್ಟೇ ಅದು. ಇರುವ ಹೊತ್ತಿನಲ್ಲಿ ಎಲ್ಲವನ್ನೂ ಮುಟ್ಟಲಾಗುವುದಿಲ್ಲ. ಯಾವುದನ್ನು ನೋಡಿದ ಕೂಡಲೇ ದಾಟಿ ಮುಂದೆ ಹೋಗಬೇಕು ಎಂದು ಗೊತ್ತಿದ್ದವನು ಗೆಲ್ಲುತ್ತಾನೆ. ಶಾಲೆಯಲ್ಲಿ ನೂರಕ್ಕೆ ನೂರು ತೆಗೆದುಕೊಂಡು ಬಂದ ಜಾಣರು ಒಂದೇ ಲೆಕ್ಕದ ಮೇಲೆ ಹಟ ಹಿಡಿದು ಕೂತುಬಿಡುತ್ತಾರೆ. ಅಂಥವರ ಬೆಂಚಿನ ಹತ್ತಿರ ಹೋಗಿ ಎಂಪಿ ಸರ್ ಮೆಲ್ಲಗೆ ಹೇಳುವರು: “ಏನಪ್ಪಾ, ಅದನ್ನೇನು ಮದುವೆ ಆಗ್ತೀಯಾ? ಬಿಡು ಅದನ್ನ, ಬೇರೆಯವರಿಗೂ ಇರ್ಲಿ.” ಕ್ಲಾಸು ಗೊಳ್ಳೆಂದು ನಗುತ್ತಿತ್ತು, ಅವರು ನಗುತ್ತಿರಲಿಲ್ಲ.

ಬೇಸಿಗೆ ಮುಗಿಯುತ್ತಿದ್ದ ಹಾಗೆ ಗೆದ್ದ ಹುಡುಗರು ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಿದ್ದರು. ಹೋದ ಊರಿನಿಂದ ಕ್ಲಾಸಿನ ಗ್ರೂಪಿಗೆ ಫೋಟೋ ಕಳಿಸುತ್ತಿದ್ದರು. ಹಾಸ್ಟೆಲಿನ ಮೆಟ್ಟಿಲ ಮೇಲೆ ಒಬ್ಬರ ಹೆಗಲ ಮೇಲೊಬ್ಬರು ಬಿದ್ದುಕೊಂಡು ಚಹಾ ಕುಡಿಯುವುದು, ಹುಟ್ಟುಹಬ್ಬದವನ ಮುಖಕ್ಕೆ ಕೇಕು ಮೆತ್ತಿ ಒದೆಯುವುದು, ಒಂದೇ ತಟ್ಟೆಗೆ ಹತ್ತು ಕೈ. ಎರಡು ದಿನ ‘ಥ್ಯಾಂಕ್ಯೂ ಎಂಪಿ ಸರ್’ ಎಂದು ಬರೆಯುತ್ತಿದ್ದರು, ಆಮೇಲೆ ಇಲ್ಲ. ಅಷ್ಟರಲ್ಲಿ ಹೊಸ ಬ್ಯಾಚು ಬಂದು ಅದೇ ಬೆಂಚುಗಳಲ್ಲಿ ಕೂರುತ್ತಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಅವರು ಅಂಥದ್ದೊಂದು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಹುಡುಗನನ್ನು ಗುರುತಿಸಲು ನೋಡುತ್ತಿದ್ದಾರೆ ಎಂದುಕೊಂಡೆ.

ಪ್ರತಿ ವರ್ಷ ನವೆಂಬರಿನಲ್ಲಿ ನಮ್ಮ ಕ್ಲಾಸಿನ ಗಣಿತದ ಮಾಸ್ತರುಗಳೆಲ್ಲ ಕ್ಯಾಟ್ ಬರೆಯಲೇಬೇಕು. ಇದು ಈ ಲೋಕದ ಪದ್ಧತಿ. ಪ್ರಶ್ನೆಗಳ ಧಾಟಿ ತಿಳಿದ ಹಾಗೂ ಆಯಿತು, ಮಾಸ್ತರರ ಅಂಕ ಬೋರ್ಡಿಗೆ ಬಂದ ಹಾಗೂ ಆಯಿತು. ಬರೆದವರು ಯಾರೂ ಮುಂದಕ್ಕೆ ಯೋಚಿಸುವುದಿಲ್ಲ. ಅಡುಗೆ ಭಟ್ಟರು ಉಪ್ಪು ನೋಡಿದ ಹಾಗೆ, ಅಷ್ಟೇ. ಎಂಪಿ ಸರ್ ಕೂಡ ಹಾಗೆಯೇ ಬರೆಯುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು.

ಆ ಜನವರಿಯಲ್ಲಿ ಒಂದು ಮಧ್ಯಾಹ್ನ ನಾನು ಡಬ್ಬಿ ಬಿಚ್ಚುತ್ತಿದ್ದೆ. ಅವರು ಬಂದು ಎದುರಿಗೆ ನಿಂತರು.

“ಮ್ಯಾಮ್, ಒಂದು ಮಾತು.”

“ಕೂತ್ಕೊಳ್ಳಿ. ಪರಾಠಾ ತಿಂತೀರಾ?”

“ಬೇಡ. ನನಗೊಂದು ಕರೆ ಬಂದಿದೆ.”

“ಯಾರದ್ದು? ಊರಿಂದನಾ? ಎಲ್ಲ ಸೌಖ್ಯ ತಾನೇ?”

“ಕಾಲೇಜಿಂದ. ಸಂದರ್ಶನಕ್ಕೆ.”

ತುತ್ತು ನನ್ನ ಕೈಯಲ್ಲೇ ಉಳಿಯಿತು. ಆಗ ಕುರ್ಚಿಯ ತುದಿಯಲ್ಲಿ ಕುಳಿತು ಅವರು ಹೇಳಿದ್ದೆಂದರೆ ಇಷ್ಟು. ಹುಟ್ಟೂರು ನೀಮಚ್‌ನಲ್ಲಿ ಅವರ ಅಪ್ಪ ಬೆಳ್ಳುಳ್ಳಿ ಮಂಡಿಯಲ್ಲಿ ತೂಕದ ಕೆಲಸಕ್ಕಿದ್ದರು. ಬಿ.ಎಸ್ಸಿ. ಮುಗಿಸಿ ಇವರು ಇಂದೋರಿಗೆ ಬಂದದ್ದು ಮಾಸ್ತರನಾಗಲು ಅಲ್ಲ, ಕ್ಯಾಟ್ ಬರೆದು ಎಂಬಿಎಗೆ ಹೋಗಲು. ಮೊದಲ ಸಲವೇ ಒಳ್ಳೆಯ ಅಂಕ ಬಂತು, ಕರೆ ಬರಲಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಕಾಮಾಲೆ ಹಿಡಿದು, ಕಣ್ಣು ಹಳದಿಯಾಗಿದ್ದಾಗ ಬರೆದಿದ್ದರಂತೆ, ಹೇಗೋ ಪಾಸಾಗಿದ್ದರು. ದೊಡ್ಡ ಕಾಲೇಜುಗಳು ಕ್ಯಾಟಿನ ಜೊತೆಗೆ ಹಳೆಯ ಅಂಕಗಳನ್ನೂ ತೂಗಿ ನೋಡುತ್ತವೆ. ಕ್ಯಾಟನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು, ಹತ್ತನೇ ಕ್ಲಾಸನ್ನು ಮತ್ತೆ ಬರೆಯುವುದು ಹೇಗೆ? ಆಗ ಲೋಕೇಂದ್ರ ಭಿಯಾ, ಮುಂದಿನ ವರ್ಷದವರೆಗೆ ಹುಡುಗರ ಸಂಶಯ ಪರಿಹರಿಸುತ್ತಿರು ಎಂದು ಕೂರಿಸಿಕೊಂಡ. ಆ ಮುಂದಿನ ವರ್ಷ ಬರುತ್ತಲೇ ಹೋಯಿತು. ಎಲ್ಲರೂ ಬೋರ್ಡಿಗಾಗಿ ಬರೆದರೆ ಇವರು ಹೋಗುವುದಕ್ಕಾಗಿ ಬರೆದರು, ಪ್ರತಿ ಸಲವೂ. ತಲೆಗೂದಲು ನರೆತು ನಲವತ್ತು ದಾಟಿದ ಮೇಲೆ, ಹಳೆಯ ಅಂಕಗಳನ್ನು ಕೇಳದ ಒಂದು ಒಳ್ಳೆಯ ಕಾಲೇಜು ಈಗ ಕರೆದಿತ್ತು.

“ಭಿಯಾಗೆ ಹೇಳಿದ್ರಾ?”

“ಹೇಳಿದ್ರೆ ನಾಳೆನೇ ಬೋರ್ಡ್ ಹಾಕಿಸ್ತಾನೆ. ಆಮೇಲೆ ಸೀಟು ಸಿಗ್ಲಿಲ್ಲ ಅಂದ್ರೆ ನಾನು ಯಾವ ಮುಖ ಇಟ್ಕೊಂಡು ಕ್ಲಾಸಿಗೆ ಹೋಗ್ಲಿ? ನಿಮಗೊಬ್ಬರಿಗೇ ಹೇಳ್ತಿರೋದು. ನೀವು ನನ್ನ ಸಂದರ್ಶನ ಮಾಡ್ಬೇಕು.”

ನಮ್ಮಲ್ಲಿ ಕರೆ ಬಂದ ಹುಡುಗರಿಗೆ ಅಣಕು ಸಂದರ್ಶನ ಮಾಡುತ್ತೇವೆ. ಮೂವರು ಮಾಸ್ತರುಗಳು ಮೇಜಿನ ಹಿಂದೆ ಕೂತು ಹುಡುಗರ ಬೆವರಿಳಿಸುವುದು. ಅದರಲ್ಲಿ ಎಂಪಿ ಸರ್‌ರದ್ದು ಎತ್ತಿದ ಕೈ. “ಎಂಜಿನಿಯರಿಂಗ್ ಓದಿದ್ದೀಯ, ಅಲ್ವಾ? ಈ ಫ್ಯಾನು ಯಾಕೆ ಕಿರುಗುಟ್ಟುತ್ತೆ ಹೇಳು ನೋಡೋಣ.” “ಅಪ್ಪನ ಬಟ್ಟೆ ಅಂಗಡಿ ಇದೆ ಅಂತೀಯ. ಅಲ್ಲಿ ಸೀರೆ ಮಡಚೋದು ಬಿಟ್ಟು ಇಲ್ಲಿಗ್ಯಾಕೆ ಬಂದೆ?” ಎಷ್ಟೋ ಹುಡುಗಿಯರು ಹೊರಗೆ ಬಂದು ನನ್ನ ಸೆರಗು ಹಿಡಿದು ಅತ್ತಿದ್ದಾರೆ.

ಭಾನುವಾರ ಮಧ್ಯಾಹ್ನ ಕ್ಲಾಸು ಖಾಲಿ ಇದ್ದಾಗ ನಾನು ಅವರ ಆ ನಡುವಿನ ಕುರ್ಚಿಯಲ್ಲಿ ಕೂತೆ. ಅವರು ಬಾಗಿಲು ತಟ್ಟಿ, ಅಪ್ಪಣೆ ಕೇಳಿ ಒಳಗೆ ಬಂದರು. ರಾಜವಾಡಾ ಕಡೆಯ ಪೇಟೆಯಿಂದ ಕೊಂಡು ತಂದ ಹೊಸ ಕೋಟು, ತೋಳು ಬೆರಳಿನ ಗೆಣ್ಣು ಮುಟ್ಟುತ್ತಿತ್ತು. ನನಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡೆ.

“ನಿಮ್ಮ ಬಗ್ಗೆ ಹೇಳಿ,” ಎಂದೆ.

“ನನ್ನ ಹೆಸರು ಮುಕುಂದ್ ಪ್ರಸಾದ್ ಪೋರವಾಲ್.”

ಇಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತಿದ್ದರೂ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಮುಂದುವರಿಸಿದರು. ಶಿಕ್ಷಣ ಕ್ಷೇತ್ರದ ಅನುಭವ, ಮುಂದಾಳತ್ವದ ಗುಣ, ಆಡಳಿತದ ಜ್ಞಾನ. ಹುಡುಗರಿಗೆ ಬೇಡ ಬೇಡ ಎಂದು ಬೈದು ಹೊಡೆದುಹಾಕಿಸುವ ಮಾತುಗಳನ್ನೇ ಗಿಳಿಯಂತೆ ಒಪ್ಪಿಸಿದರು. ನನಗೆ ರೇಗಿತು.

“ಸಾಕು ನಿಲ್ಸಿ. ಇದನ್ನೇ ಒಬ್ಬ ಹುಡುಗ ಹೇಳಿದ್ರೆ ನೀವು ಏನಂತಿದ್ರಿ?”

“‘ಎದ್ದು ಹೋಗಪ್ಪಾ, ಮುಂದಿನವನನ್ನ ಕಳ್ಸು’ ಅಂತಿದ್ದೆ.”

“ಮತ್ತೆ? ಈ ವಯಸ್ಸಲ್ಲಿ ಇಪ್ಪತ್ತೆರಡರ ಹುಡುಗರ ಪಕ್ಕ ಯಾಕೆ ಕೂರ್ಬೇಕು ಅಂತೀರಿ? ಓದಿ ಯಾವ ಕಂಪನಿ ಕಟ್ತೀರಿ? ಸಂಬಳಕ್ಕಾ? ಭಿಯಾ ಹೆಚ್ಚಿಗೆ ಕೊಡ್ತಾನೆ, ನಾನು ಹೇಳ್ತೀನಿ. ಹೆಸರಿಗಾ? ಚೌಕಕ್ಕೆ ಹೋಗಿ ತಲೆ ಎತ್ತಿ ನೋಡಿ, ನೇತಾಡ್ತಿದೆ. ಎಂಬಿಎ ಯಾಕೆ ಬೇಕು ನಿಮಗೆ?”

ಅವರು ಕೋಟಿನ ತೋಳನ್ನು ಮೇಲಕ್ಕೆಳೆದುಕೊಂಡರು. ಹೊರಗೆ ಆಟೋದವನೊಬ್ಬ ಯಾರೊಂದಿಗೋ ಜಗಳವಾಡುತ್ತಿದ್ದ.

“ಎಂಬಿಎ ಬೇಡ ಮ್ಯಾಮ್,” ಎಂದರು. “ಹಾಸ್ಟೆಲ್ ಬೇಕು.”

“ಏನಂದ್ರಿ?”

“ಹುಡುಗರು ಫೋಟೋ ಕಳಿಸ್ತಾರಲ್ಲ, ಅದು. ನಾನು ಯಾವತ್ತೂ ಹಾಸ್ಟೆಲಲ್ಲಿ ಇದ್ದೋನಲ್ಲ. ಮನೆ, ಆಮೇಲೆ ಈ ರೂಮು. ನನ್ನ ರೂಮಿನ ಬಾಗಿಲನ್ನ ಬಾಡಿಗೆ ಕೇಳೋಕೆ ಬರೋ ಮನೆ ಮಾಲೀಕ ಬಿಟ್ರೆ ಬೇರೆ ಯಾರೂ ತಟ್ಟಿಲ್ಲ ಮ್ಯಾಮ್. ಒಂದ್ಸಲ ಯಾರಾದ್ರೂ ಧಡಧಡ ಬಾಗಿಲು ಬಡಿದು, ‘ಏಳೋ ಮುಕುಂದ, ಚಹಾ ಕುಡಿಯೋಣ ಬಾ’ ಅನ್ಬೇಕು. ಅಷ್ಟೇ. ಅಮ್ಮ ಹೋದ್ಮೇಲೆ ನನ್ನನ್ನ ಹೋಗೋ ಬಾರೋ ಅನ್ನೋರು ಯಾರೂ ಇಲ್ಲ. ಮುಕುಂದ ಅನ್ನೋರೂ ಇಲ್ಲ. ಎಂಪಿ ಸರ್, ಎಂಪಿ ಸರ್. ಅದು ಕೇಳಿ ಕೇಳಿ...” ಮುಂದಕ್ಕೆ ಹೇಳದೆ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸತೊಡಗಿದರು.

ಸಂದರ್ಶನ ಮಾಡುವವಳು ಅಳಬಾರದು ಎಂದು ನೀರಿನ ಬಾಟಲಿ ಎತ್ತಿಕೊಂಡೆ. ಇಷ್ಟು ಜನರಿಗೆ ದಾರಿ ಹೇಳಿಕೊಟ್ಟ ಮನುಷ್ಯನಿಗೆ ಬೇಕಾಗಿದ್ದುದು ಒಂದು ಲೋಟ ಚಹಾ ಮತ್ತು ಅದಕ್ಕೆ ಕರೆಯುವ ಒಂದು ದನಿ. ಅದು ನನ್ನ ಮನೆಯಲ್ಲಿ ದಿನಕ್ಕೆ ಹತ್ತು ಸಲ ಸಿಗುತ್ತದೆ, ನಾನು ಹತ್ತು ಸಲವೂ ಸಿಡುಕುತ್ತೇನೆ.

“ಇದನ್ನೇ ಹೇಳಿ ಅಲ್ಲಿ,” ಎಂದೆ.

“ನಗ್ತಾರೆ.”

“ನಗ್ಲಿ. ನಗೋ ಜನರ ಮಧ್ಯಕ್ಕೆ ತಾನೇ ನೀವು ಹೋಗ್ಬೇಕಾಗಿರೋದು? ಈ ಕೋಟಿನ ತೋಳು ಮಾತ್ರ ಚಿಕ್ಕದು ಮಾಡಿಸಿ, ಅಣ್ಣನದ್ದು ಕದ್ದು ಹಾಕ್ಕೊಂಡು ಬಂದ ಹಾಗಿದೆ.”

ಅವರು ನಕ್ಕರು. ಬೋರ್ಡಿನವನು ಆ ನಗುವಿನ ಫೋಟೋ ತೆಗೆಯಬೇಕಾಗಿತ್ತು ಎನಿಸಿತು.

ಮಾರ್ಚಿನಲ್ಲಿ, ರಂಗಪಂಚಮಿಯ ಮರುದಿನ, ಮುಂಬಯಿಯಲ್ಲಿ ಸಂದರ್ಶನ. ರಂಗಪಂಚಮಿಗೆ ಇಂದೋರಿನಲ್ಲಿ ಬಣ್ಣ ಬೀಳದವನಿಲ್ಲ. ನೀರಿನ ಟ್ಯಾಂಕರು ತಂದು ಮೂರನೇ ಮಹಡಿಯವರೆಗೂ ಚಿಮ್ಮಿಸುತ್ತಾರೆ. ನಮ್ಮ ಹುಡುಗರು ನನ್ನನ್ನು ಬಿಡಲಿಲ್ಲ, ಲೋಕೇಂದ್ರ ಭಿಯಾನನ್ನು ನಾಲ್ವರು ಹೊತ್ತು ಬಣ್ಣದ ಹಂಡೆಗೇ ಇಳಿಸಿದರು. ರೈಲಿಗೆ ಹೊರಟಿದ್ದ ಎಂಪಿ ಸರ್ ಚೀಲ ಹಿಡಿದು ಆ ಹುಡುಗರ ನಡುವೆಯೇ ಹಾದುಹೋದರು. ಎಲ್ಲರೂ ಬಣ್ಣದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ದಾರಿ ಬಿಟ್ಟು, “ನಮಸ್ತೆ ಸರ್” ಎಂದರು. ಬಿಳಿ ಅಂಗಿ ಬಿಳಿಯಾಗಿಯೇ ಉಳಿಯಿತು. ಕಣ್ಣು ತೋರಿಸಿಕೊಳ್ಳಲು ಮುಂಬಯಿಗೆ ಹೋಗುತ್ತೇನೆ ಎಂದು ಭಿಯಾಗೆ ಹೇಳಿದ್ದರು.

ಮೂರನೆಯ ದಿನ ವಾಪಸ್ಸು ಬಂದರು. ನಾನು ಮೆಟ್ಟಿಲ ಮೇಲೇ ಹಿಡಿದೆ.

“ಏನಾಯ್ತು? ಏನು ಕೇಳಿದ್ರು?”

“ನಿಮ್ಮ ಬಗ್ಗೆ ಹೇಳಿ ಅಂದ್ರು.”

“ಹೇಳಿದ್ರಾ? ಹಾಸ್ಟೆಲ್ ವಿಷಯ?”

“ಹೇಳ್ದೆ.”

“ನಕ್ಕರಾ?”

“ಇಲ್ಲ ಮ್ಯಾಮ್. ಒಳ್ಳೇ ಜನ,” ಎಂದು ಕ್ಲಾಸಿಗೆ ಹೋದರು.

ನನಗೆ ಹಬ್ಬವೇ ಆಯಿತು. ಖಜರಾನಾ ಗಣೇಶನಿಗೆ ಲಡ್ಡು ಹರಕೆ ಹೊತ್ತೆ. ಅತ್ತೆ, ಯಾರಿಗಾಗಿ ಎಂದು ಕೇಳಿದಾಗ, ನಮ್ಮ ಕ್ಲಾಸಿನ ಹುಡುಗನೊಬ್ಬನಿಗೆ ಎಂದೆ. ಎಂಪಿ ಸರ್ ಹೋದರೆ ಸ್ಟಾಫ್ ರೂಮು ಎಷ್ಟು ಬಣಬಣ ಎನ್ನುತ್ತದೆ ಎಂದು ಯೋಚಿಸಿ ಸಂಕಟವೂ ಆಗುತ್ತಿತ್ತು. ಹೋಗುವಾಗ ಏನು ಕೊಡಬೇಕು ಎಂದು ಲೆಕ್ಕ ಹಾಕಿ, ಒಂದು ಒಳ್ಳೆಯ ಚಹಾದ ಲೋಟ ಎಂದು ನಿಶ್ಚಯ ಮಾಡಿದೆ. ಎರಡು ಕೊಡಬೇಕು, ಬಾಗಿಲು ಬಡಿದವನಿಗೂ ಒಂದು ಬೇಕಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂದ ದಿನ ಕೇಳುವ ಮೊದಲೇ ಅವರು ತಲೆ ಅಲ್ಲಾಡಿಸಿದರು. “ಆಗ್ಲಿಲ್ಲ ಮ್ಯಾಮ್.”

“ಅವರ ಮನೆ ಹಾಳಾಗ!” ಎಂದೆ. ಹಾಗೆನ್ನಬಾರದಿತ್ತು, ಬಾಯಿಗೆ ಬಂದುಬಿಟ್ಟಿತು. ಅವರು ಮಾತ್ರ ಸೀಸದ ಕಡ್ಡಿ ಕೆತ್ತುತ್ತ ಕೂತರು. ಮುಖದಲ್ಲಿ ಬೇಸರವೂ ಇರಲಿಲ್ಲ, ಇದೇ ನನಗೆ ವಿಚಿತ್ರವೆನಿಸಿತು.

ಎರಡು ದಿನ ಬಿಟ್ಟು ಖ್ಯಾತಿ ಸೋಡಾನಿ ಜಿಲೇಬಿ ಪೊಟ್ಟಣ ಹಿಡಿದು ಬಂದಳು. ಈ ಹುಡುಗಿ ಲೆಕ್ಕದಲ್ಲಿ ಬೆಂಕಿ, ಮಾತಿನಲ್ಲಿ ಬೆಕ್ಕಿನ ಮರಿ. ಎಂಪಿ ಸರ್‌ರ ಅಣಕು ಸಂದರ್ಶನದಲ್ಲಿ ಅತ್ತುಕೊಂಡು ಓಡಿಹೋದವರಲ್ಲಿ ಇವಳೂ ಒಬ್ಬಳು. ಅವಳಿಗೆ ಸೀಟು ಸಿಕ್ಕಿತ್ತು. ಬಂದವಳೇ ಸ್ಟಾಫ್ ರೂಮಿನಲ್ಲಿ ಅವರ ಕಾಲಿಗೆ ಬಿದ್ದಳು. ಅವರು ಕುರ್ಚಿ ಹಿಂದಕ್ಕೆ ಸರಿಸಿ, “ಆಯ್ತು, ಆಯ್ತು, ಏಳು,” ಎಂದರು.

“ಎಸ್‌ವಿ ಮ್ಯಾಮ್, ನಿಮಗೆ ಗೊತ್ತಾ?” ಖ್ಯಾತಿ ನನ್ನ ಕೈ ಹಿಡಿದುಕೊಂಡಳು. “ಸರ್ ಇಲ್ದಿದ್ರೆ ನಾನು ಒಳಗೇ ಹೋಗ್ತಿರ್ಲಿಲ್ಲ. ಬೇರೆ ಕ್ಲಾಸಿನವರೆಲ್ಲ ಬಾಗಿಲ ಹೊರಗೆ ಬ್ಯಾನರ್ ಹಿಡ್ಕೊಂಡು ನಿಂತಿರ್ತಾರೆ. ನಮ್ಮ ಸರ್ ಮುಂಬಯಿವರೆಗೂ ಬಂದು ಕಾಯೋ ಹಾಲ್ ಒಳಗೇ ಕೂತಿದ್ರು. ಕೋಟು ಬೇರೆ ಹಾಕ್ಕೊಂಡು!”

ನಾನು ಎಂಪಿ ಸರ್ ಕಡೆ ನೋಡಿದೆ. ಅವರು ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚುತ್ತಿದ್ದರು.

“ನಾನು ನೋಡಿ ಅಳೋಕೇ ಶುರು ಮಾಡ್ದೆ ಮ್ಯಾಮ್. ‘ಸರ್, ನಮಗೋಸ್ಕರ ಬಂದ್ರಾ?’ ಅಂದೆ. ಸರ್ ಒಂದ್ನಿಮಿಷ ನನ್ನ ಮುಖಾನೇ ನೋಡಿ, ‘ಹೂಂ, ನಿಮಗೋಸ್ಕರಾನೇ’ ಅಂದ್ರು. ನನ್ನ ಉಗುರಲ್ಲಿ ಇನ್ನೂ ರಂಗಪಂಚಮಿ ಬಣ್ಣ ಇತ್ತು, ಅದಕ್ಕೂ ಹೆದರ್ಕೊಂಡಿದ್ದೆ. ಸರ್ ನನ್ನ ಫೈಲ್ ಹಿಡ್ಕೊಂಡು, ‘ಕೇಳಿದ್ರೆ ನಮ್ಮೂರ ಹಬ್ಬ ಅಂತ ಹೇಳು. ಕೈ ಅಡಗಿಸ್ಬೇಡ. ಮಧ್ಯ ಕೂತಿರೋರನ್ನ ನೋಡು, ನಿಧಾನಕ್ಕೆ ಉಸಿರು ತಗೋ’ ಅಂತ ಹೇಳ್ತಾನೇ ಇದ್ರು.”

“ಆಮೇಲೆ?” ಎಂದೆ.

“ಆಮೇಲೆ ನನ್ನನ್ನ ಕರೆದ್ರು, ಹೋದೆ, ಆಯ್ತು. ಅದಕ್ಕೆ ಮುಂಚೆ ಒಂದು ತಮಾಷೆ ಆಯ್ತು ಮ್ಯಾಮ್. ನನಗಿಂತ ಮುಂಚೆ ಯಾವನೋ ಒಬ್ಬನ ಸರದಿ ಇತ್ತು. ಏನೋ ಹಳೇ ಕಾಲದ ಹೆಸರು... ಮುಕುಂದ್ ಪ್ರಸಾದ್. ಹೊರಗೆ ಬಂದು ಕೂಗಿದ್ರು, ಯಾರೂ ಏಳ್ಲಿಲ್ಲ. ಮತ್ತೆ ಕೂಗಿದ್ರು. ಮೂರನೇ ಸಲ ಕೂಗಿದಾಗ ಸರ್ ಹೇಳ್ತಾ ಇದ್ದ ಮಾತು ನಿಲ್ಸಿದ್ರು. ನಾನು ಹೆದರಿ ಸರ್ ತೋಳು ಗಟ್ಟಿಯಾಗಿ ಹಿಡ್ಕೊಂಡೆ, ಅವನಿಲ್ಲ ಅಂದ್ರೆ ಮುಂದೆ ನಂದೇ ಅಲ್ವಾ? ಸರ್ ಮತ್ತೆ, ‘ಉಸಿರು ತಗೋ’ ಅಂತ ಮುಂದುವರಿಸಿದ್ರು. ಅವನು ಬರ್ಲೇ ಇಲ್ಲ. ಹೆಸರ ಮುಂದೆ ಗೀಟು ಹಾಕ್ಕೊಂಡು ಹೋದ್ರು. ಎಂಥಾ ಪೆದ್ದ ಅಲ್ವಾ ಮ್ಯಾಮ್? ಅಂಥಾ ಕಡೆಯಿಂದ ಕರೆ ಬಂದ್ರೆ ಯಾರಾದ್ರೂ ಮನೇಲಿ ಮಲ್ಕೊಂಡಿರ್ತಾರಾ?”

ಸ್ಟಾಫ್ ರೂಮಿನ ಫ್ಯಾನು ಕಿರುಗುಟ್ಟುತ್ತಿತ್ತು. ನಾನು ಏನಾದರೂ ಹೇಳಿಬಿಡುತ್ತೇನೆ ಎಂದು ಎಂಪಿ ಸರ್‌ಗೆ ಅನಿಸಿರಬೇಕು. ತಲೆ ಎತ್ತಿ ನನ್ನನ್ನು ನೋಡಿದರು. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರು.

“ರೈಲು ತಪ್ಪಿರ್ಬೇಕು, ಪಾಪ,” ಎಂದರು ಖ್ಯಾತಿಗೆ. “ನಿಂದು ಯಾವಾಗ ಹೊರಡೋದು?”

“ಜೂನ್‌ನಲ್ಲಿ ಸರ್. ಹಾಸ್ಟೆಲಲ್ಲಿ ರೂಮು ಕೂಡ ಕೊಟ್ಟಾಯ್ತು. ಅಮ್ಮ ಇಲ್ದೆ ಒಬ್ಬಳೇ ಹೇಗಿರ್ಲಿ ಅಂತ ಭಯ ಆಗ್ತಿದೆ.”

“ಅಲ್ಲಿ ಯಾರೂ ಒಬ್ಬರೇ ಇರಲ್ಲ,” ಎಂದರು ಅವರು. “ಯಾರಾದ್ರೂ ಬಾಗಿಲು ಬಡೀತಾರೆ. ಓದ್ತಾ ಇದ್ದೀನಿ ಅಂತ ಸುಮ್ನೆ ಕೂರ್ಬೇಡ. ಎದ್ದು ಹೋಗಿ ತೆಗೀಬೇಕು.”

ಖ್ಯಾತಿ ಜಿಲೇಬಿಯನ್ನು ಮೇಜಿನ ಮೇಲಿಟ್ಟು, ಇನ್ನೊಮ್ಮೆ ಕಾಲಿಗೆ ಬಿದ್ದು ಹೋದಳು. ಕೆಳಗೆ ಅವಳ ಗೆಳತಿಯರು ಅವಳ ಹೆಸರು ಹಿಡಿದು ಕೂಗುತ್ತಿದ್ದುದು ಮೇಲಿನವರೆಗೂ ಕೇಳಿಸುತ್ತಿತ್ತು. ಎಂಪಿ ಸರ್ ಒಂದು ಜಿಲೇಬಿ ಎತ್ತಿಕೊಂಡರು, ಅವರು ಜಿಲೇಬಿ ತಿಂದದ್ದನ್ನು ನಾನು ನೋಡಿದ್ದು ಅವತ್ತೇ. ನಿಧಾನವಾಗಿ ತಿಂದರು, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

ನನಗೆ ಸಿಟ್ಟು ಬಂದಿತ್ತು. ಆ ಹುಡುಗಿಯ ಮೇಲೆ ಬಂತು, ಪಾಪ ಅವಳದ್ದೇನು ತಪ್ಪು? ಇವರ ಮೇಲೆ ಬಂತು. ಎಲ್ಲ ಹುಡುಗರಿಗೂ, ಹಟ ಹಿಡಿಯದೆ ಲೆಕ್ಕ ಬಿಟ್ಟು ಮುಂದೆ ಹೋಗಿ ಎನ್ನುವ ಮನುಷ್ಯ, ಒಂದು ಹುಡುಗಿಯ ಅಳು ಬಿಟ್ಟು ಮುಂದೆ ಹೋಗಲಾರದೆ ಕೂತರಲ್ಲ! ಅಥವಾ ಬೋರ್ಡಿನ ಮೇಲಿನ ಆ ಮುಖವೇ ಇವರನ್ನು ಕುರ್ಚಿಗೆ ಒತ್ತಿ ಹಿಡಿದಿತ್ತೋ, ನನಗೆ ತಿಳಿಯದು. ಕೇಳಿದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ. ಅದಕ್ಕೆ ಕೇಳಲಿಲ್ಲ. ಎದ್ದು ಅವರ ಮೇಜಿನ ಹತ್ತಿರ ಹೋದೆ. ಅವರಿಗಿಂತ ವಯಸ್ಸಿನಲ್ಲಿ ದೊಡ್ಡವಳು, ಅಕ್ಕನಂಥವಳು, ನನಗೇನು ಸಂಕೋಚ ಎಂದು ಮನಸ್ಸು ಗಟ್ಟಿ ಮಾಡಿ ಮೇಜನ್ನು ಎರಡು ಸಲ ಧಡಧಡ ಬಡಿದೆ.

“ಏಳೋ ಮುಕುಂದ,” ಎಂದೆ. “ಚಹಾ ಕುಡಿಯೋಣ ಬಾ.”

ನಾಲಗೆ ತೊಡರಿತು, ಆದರೂ ಹೇಳಿದೆ. ಅವರು ಮತ್ತೆ ಕಟ್ಟು ಬಿಚ್ಚುತ್ತಿದ್ದ ಕೈ ನಿಲ್ಲಿಸಿದರು. ಬಾಗಿಲಲ್ಲಿ ಹೊಸ ಬ್ಯಾಚಿನ ಹುಡುಗರು ಬಂದು ನಿಂತು, “ಎಂಪಿ ಸರ್, ಕ್ಲಾಸ್ ಇದೆಯಾ?” ಎಂದು ಇಣುಕುತ್ತಿದ್ದರು. ಅವರು ಹುಡುಗರನ್ನು ನೋಡಿದರು, ನನ್ನನ್ನು ನೋಡಿದರು. ಮಾರ್ಕರ್ ಎತ್ತಿಕೊಂಡು, ಅಂಗಿಯ ಮೇಲಿನ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡು, ನನ್ನ ಪಕ್ಕದಿಂದ ಹಾದುಹೋಗುವಾಗ ಮೆಲ್ಲಗೆ ಹೇಳಿದರು:

“ಮುಕುಂದ ಬಂದಿಲ್ಲ ಮ್ಯಾಮ್.”